ಎರಡನೆಯ ಸೂಜಿ

ಬುಧವಾರ, ಬೆಳಿಗ್ಗೆ ಹತ್ತೂವರೆ
ಅಡುಗೆಮನೆಯ ಮೇಜಿನಿಂದ

ನನ್ನ ಡಾಕ್ಟರಮ್ಮನಿಗೆ ಅಮ್ಮನ ಆಶೀರ್ವಾದಗಳು. ಈ ಸಲ ಸ್ವಲ್ಪ ಅಳುಕುತ್ತಲೇ ಆಶೀರ್ವಾದ ಮಾಡುತ್ತಿದ್ದೇನೆ.

ಪಶುವೈದ್ಯ ಮಂಡಳಿಯ ವಿಚಾರಣೆಗೆ ಕೊಡಬೇಕೆಂದು ನೀನು ಬರೆದ ಹೇಳಿಕೆಯ ಕರಡು ಶನಿವಾರವೇ ಕೈಸೇರಿತು. ತಾರೀಖು ಸರಿ ಇದೆಯಾ ನೋಡಮ್ಮ ಎಂದು ಮೂಲೆಯಲ್ಲಿ ಬರೆದಿದ್ದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ತಾರೀಖುಗಳು ಸರಿ ಇವೆ. ಸಂತಾನಹರಣ ಶಿಬಿರದಲ್ಲಿ ಇಂಜೆಕ್ಷನ್ ಕೊಟ್ಟ ಗಂಡು ನಾಯಿಗಳು ನಲವತ್ತಮೂರು, ಅದೂ ಸರಿ. ಹುಣ್ಣಾದವು ಆರು, ಅವುಗಳಲ್ಲಿ ಸತ್ತದ್ದು ಒಂದು, ಅದೂ ಸರಿ. ಉಳಿದದ್ದು ತಪ್ಪು.

ಫೋನಿನಲ್ಲೇ ಹೇಳಬಹುದಿತ್ತು. ಭಾನುವಾರದಿಂದ ಮೂರು ಸಲ ಮಾಡಿದೆನಲ್ಲ, ಅದಕ್ಕೇ ಮಾಡಿದ್ದು. ನೀನು ಎತ್ತಿದೊಡನೆ ಊಟ ಆಯ್ತಾ ಎನ್ನುತ್ತೇನೆ, ನೀನು ಆಯ್ತು ಎನ್ನುತ್ತೀಯ, ಅಲ್ಲಿಂದ ನಾನು ನಿಮ್ಮಪ್ಪನ ಮಂಡಿನೋವಿಗೆ ಹಾರುತ್ತೇನೆ. ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಕಾಗದ ನನ್ನ ಮಾತಿಗೆ ಅಡ್ಡ ಬರುವುದಿಲ್ಲ, ಊಟ ಆಯ್ತು ಎಂದೂ ಹೇಳುವುದಿಲ್ಲ.

ಮೊದಲು ಹಳದಿಯ ಸುದ್ದಿ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀನು ಅದಕ್ಕಾಗಿ ಪುಟ ಮಗುಚುತ್ತೀಯ. ಬೇಕರಿ ಓಣಿಯ ಆ ಬೀದಿನಾಯಿ ಈಗ ನಮ್ಮ ಮನೆಯ ಯಜಮಾನ. ಈಗ ನಿನ್ನ ಜಾಗದಲ್ಲಿರುವ ದಪ್ಪ ಕನ್ನಡಕದ ಡಾಕ್ಟರು ಕೊಳೆತ ಬೀಜದ ಚೀಲವನ್ನೆಲ್ಲ ತೆಗೆದು ಹಾಕಿದ ಹೊಲಿಗೆ ಪೂರ್ತಿ ಮಾಗಿದೆ, ಕೂದಲು ಬರುವುದೊಂದು ಬಾಕಿ. ಗಾಯ ನೆಕ್ಕದಿರಲಿ ಎಂದು ಹಳೆಯ ನೀಲಿ ಬಕೆಟ್ಟಿನ ತಳ ಕತ್ತರಿಸಿ ಕೊರಳಿಗೆ ಹಾಕಿದ್ದೆನಲ್ಲ, ಅದನ್ನು ಹೊತ್ತುಕೊಂಡೇ ಮನೆಯೆಲ್ಲ ತಿರುಗಿ ನಿಮ್ಮಪ್ಪನ ಮೊಣಕಾಲಿಗೆ ದಿನಕ್ಕೆ ಹತ್ತು ಸಲ ಗುದ್ದುತ್ತಿತ್ತು. ಮೊನ್ನೆ ಬಕೆಟ್ ಬಿಚ್ಚಿದೆ. ಬಿಚ್ಚಿದ ಕೂಡಲೇ ನಿಮ್ಮಪ್ಪನ ಕುರ್ಚಿ ಹತ್ತಿ ಮಲಗಿತು. ಮೂವತ್ತು ವರ್ಷ ಬಸ್ ಓಡಿಸಿದವನಿಗೆ ಈಗ ಸೀಟಿಲ್ಲ, ನಿಂತುಕೊಂಡೇ ಪೇಪರ್ ಓದುತ್ತಾನೆ. ಹುಣ್ಣಾದ ಉಳಿದವುಗಳಲ್ಲಿ ಎರಡು ಬರೀ ತೊಳೆದು ಔಷಧಿ ಹಚ್ಚಿದ್ದಕ್ಕೇ ಗುಣವಾದವು, ಆಪರೇಷನ್ ಆದ ಇನ್ನೆರಡೂ ಚೆನ್ನಾಗಿ ತಿನ್ನುತ್ತಿವೆ. ಐದಕ್ಕೂ ಏನೂ ಭಯವಿಲ್ಲ. ಇದನ್ನು ನಂಬು.

ಈಗ ನಿನ್ನ ಕರಡಿಗೆ ಬರುತ್ತೇನೆ. ಎರಡನೆಯ ಪುಟದಲ್ಲಿ, ಔಷಧಿಯನ್ನು ವೃಷಣದೊಳಗೆ ಬಿಡುವಾಗ ನನ್ನ ಕೈ ನಡುಗಿ ಹೊರಗಿನ ಚರ್ಮಕ್ಕೆ ಸೋರಿರಬೇಕು, ದೋಷ ಸಂಪೂರ್ಣ ನನ್ನದು ಎಂದು ಬರೆದಿದ್ದೀಯ. ಮೂರನೆಯ ಪುಟದಲ್ಲಿ ವೈದ್ಯರ ನೋಂದಣಿಯನ್ನು ಮಂಡಳಿಗೆ ಹಿಂತಿರುಗಿಸುತ್ತೇನೆ ಎಂದಿದ್ದೀಯ. ಅಕ್ಷರ ಮಾತ್ರ ಎಷ್ಟು ದುಂಡಗಿದೆ! ಕೈ ನಡುಗುವವರು ಹೀಗೆ ಬರೆಯುತ್ತಾರಾ ಹೇಳು. ಅವತ್ತು ನಾಯಿಗಳನ್ನು ಹಿಡಿದುಕೊಂಡು ಕೂತವನು ನಿಮ್ಮಪ್ಪ. ಕೇಳಿದೆ ಅವನನ್ನು. ಮಗು ಕೈ ಕಲ್ಲಿನ ಹಾಗಿತ್ತು, ನಂದೇ ಸೊಂಟ ನಡುಗ್ತಿತ್ತು ಅಂದ.

ನಿನಗೆ ಗೊತ್ತಿರುವುದನ್ನೇ ಮುಂದೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಈ ಕಾಗದವನ್ನು ಬೇರೆ ಯಾರಾದರೂ ಓದಬೇಕಾಗಿ ಬಂದರೆ ಅವರಿಗೂ ತಿಳಿಯಲಿ. ಕತ್ತಿಯಿಲ್ಲ, ಹೊಲಿಗೆಯಿಲ್ಲ, ಸ್ವಲ್ಪ ಮಂಪರು ಕೊಟ್ಟು ಸತುವಿನ ಔಷಧಿಯನ್ನು ನೇರವಾಗಿ ಬೀಜದೊಳಕ್ಕೆ ಬಿಟ್ಟರೆ ಸಾಕು, ಮಂಪರು ಇಳಿದ ಮೇಲೆ ನಾಯಿ ನಡೆದುಕೊಂಡೇ ಮನೆಗೆ ಹೋಗುತ್ತದೆ, ಮರಿ ಹುಟ್ಟಿಸುವ ಶಕ್ತಿ ಮಾತ್ರ ಹೋಗುತ್ತದೆ ಎಂದು ನೀನು ಹೇಳಿದಾಗ ನಾನು ನಂಬಿರಲಿಲ್ಲ. ನೀನು ಓದಿ, ಕಲಿತು, ದೊಡ್ಡವರ ಕೈಕೆಳಗೆ ಅಭ್ಯಾಸ ಮಾಡಿ ಬಂದಿದ್ದೆ. ಅಳೆಯುವ ಇಕ್ಕಳದಲ್ಲಿ ಬೀಜದ ಅಗಲ ಅಳೆದು ನೀನು ಕೂಗಬೇಕು, ಪಟ್ಟಿ ನೋಡಿ ಅಷ್ಟೇ ಔಷಧಿಯನ್ನು ಸಿರಿಂಜಿಗೆ ತುಂಬಿ ನಾನು ಕೊಡಬೇಕು. ಔಷಧಿ ಒಳಗಿದ್ದರೆ ಒಳ್ಳೆಯದು, ಚರ್ಮಕ್ಕೆ ತಾಗಿದರೆ ಸುಡುತ್ತದೆ. ಅದಕ್ಕೇ ನಿನ್ನ ನಿಯಮ: ಸೀಸೆಯಿಂದ ಔಷಧಿ ಎಳೆಯಲು ಒಂದು ಸೂಜಿ, ಅದನ್ನು ಎಸೆದು, ನಾಯಿಗೆ ಚುಚ್ಚಲು ಎರಡನೆಯದು. ಎಳೆದ ಸೂಜಿಯ ಮೈಗೆ ಔಷಧಿ ಅಂಟಿರುತ್ತದೆ, ಅದರಲ್ಲೇ ಚುಚ್ಚಿದರೆ ಆ ಅಂಟಿದ್ದು ದಾರಿಯುದ್ದಕ್ಕೂ ಚರ್ಮಕ್ಕೆ ಒರೆಸಿಕೊಂಡು ಹೋಗುತ್ತದೆ. ಶಿಬಿರದ ಹಿಂದಿನ ವಾರ ಇದೇ ಮೇಜಿನ ಮೇಲೆ, ಇದೇ ಉಪ್ಪಿನ ಡಬ್ಬಿಯ ಪಕ್ಕ, ಬಣ್ಣದ ನೀರಿನಲ್ಲಿ ಸೂಜಿ ಅದ್ದಿ ಬಾಳೆಹಣ್ಣಿಗೆ ಚುಚ್ಚಿ ತೋರಿಸಿದ್ದೆ. ಸಿಪ್ಪೆಯ ಮೇಲೆ ಸಣ್ಣ ನೀಲಿ ಉಂಗುರ ಮೂಡಿತ್ತು. ನಾನು ಆ ಹಣ್ಣನ್ನು ತಿಂದುಬಿಟ್ಟೆ ಎಂದು ನೀನು ನಕ್ಕಿದ್ದೆ.

ಮಗಳೇ, ಮಧ್ಯಾಹ್ನದ ನಾಯಿಗಳಿಗೆ ನಾನು ಸೂಜಿ ಬದಲಾಯಿಸಲಿಲ್ಲ.

ಬರೆದಾಯಿತು. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ಒಂದು ನಾಯಿಯ ಸೂಜಿ ಇನ್ನೊಂದಕ್ಕೆ ಹೋಗಲಿಲ್ಲ, ಅಷ್ಟು ಕೆಟ್ಟಿಲ್ಲ ನಾನು. ಪ್ರತಿ ನಾಯಿಗೂ ಹೊಸ ಸೂಜಿಯೇ. ಆದರೆ ಎಳೆದದ್ದರಲ್ಲೇ ಮುಚ್ಚಳ ಹಾಕಿ ನಿನ್ನ ಕೈಗೆ ಕೊಟ್ಟೆ. ಮುಚ್ಚಳ ಹಾಕಿದ ಮೇಲೆ ಅದು ಮೊದಲನೆಯದೋ ಎರಡನೆಯದೋ ನಿನಗೆ ಹೇಗೆ ತಿಳಿಯಬೇಕು? ನೀನು ನನ್ನನ್ನು ನಂಬಿ ಕೈಚಾಚುತ್ತಿದ್ದೆ, ತಿರುಗಿಯೂ ನೋಡುತ್ತಿರಲಿಲ್ಲ.

ಯಾಕೆ ಎಂದು ಕೇಳುತ್ತೀಯ. ಊಟದ ಹೊತ್ತಿಗೆ ಸೂಜಿ ಮುಗಿಯುತ್ತಾ ಬಂದಿತ್ತು. ಹೊರಗೆ ಸಾಲು ಬೆಳೆದಿತ್ತು, ಹಗ್ಗ ಹಿಡಿದವರೆಲ್ಲ ಬಿಸಿಲಿನಲ್ಲಿ ನಿಂತಿದ್ದರು, ಎರಡು ನಾಯಿಗಳು ಗೇಟಿನ ಹತ್ತಿರ ಜಗಳಕ್ಕೆ ಬಿದ್ದಿದ್ದವು. ಕೆಲಸ ನಿಲ್ಲಿಸಿ ಸೂಜಿಗೆ ಯಾರನ್ನಾದರೂ ಓಡಿಸಬೇಕಿತ್ತು. ನಾನು ಓಡಿಸಲಿಲ್ಲ. ಗಾಜಿನ ಸಿರಿಂಜಿನ ಕಾಲದಿಂದ ದನದ ಆಸ್ಪತ್ರೆಯಲ್ಲಿ ಈ ಕೆಲಸ ಮಾಡಿದವಳು ನಾನು. ಒಂದೇ ಸೂಜಿಯನ್ನು ಕುದಿಸಿ ಕುದಿಸಿ ಸಂತೆಯ ದನಗಳಿಗೆಲ್ಲ ಚುಚ್ಚಿದ್ದೇವೆ, ಒಂದಕ್ಕೂ ಏನೂ ಆಗಿರಲಿಲ್ಲ. ಇದಕ್ಕೂ ಏನೂ ಆಗದು ಎಂದುಕೊಂಡೆ.

ಹುಣ್ಣಾದ ಆರರಲ್ಲಿ ಏನು ಸಮಾನ ಎಂದು ನೀನು ದಿನಗಟ್ಟಲೆ ತಲೆ ಕೆಡಿಸಿಕೊಂಡೆ. ತೂಕ ನೋಡಿದೆ, ವಯಸ್ಸು ನೋಡಿದೆ, ಔಷಧಿ ಸೀಸೆಯ ನಂಬರ್ ನೋಡಿದೆ. ಪಕ್ಕದ ಮನೆ ಮೇಷ್ಟ್ರು ಬರೆದ ದಾಖಲೆ ಪುಸ್ತಕ ಓಣಿಯ ಪ್ರಕಾರ ಇತ್ತು, ಯಾವುದು ಮೊದಲು ಯಾವುದು ಆಮೇಲೆ ಎಂದು ಅದರಲ್ಲಿ ಇರಲೇ ಇಲ್ಲ. ಆದರೆ ನನಗೆ ಮೂರನೆಯ ನಾಯಿ ಬಂದ ದಿನವೇ ಗೊತ್ತಾಗಿತ್ತು. ಇಂಜೆಕ್ಷನ್ ಆದ ನಾಯಿಯ ಹಣೆಗೆ ನಾನು ಬೊಟ್ಟಿನಷ್ಟು ಬಣ್ಣ ಹಚ್ಚುತ್ತಿದ್ದೆನಲ್ಲ. ಬೆಳಿಗ್ಗೆಯೆಲ್ಲ ಗಾಯಕ್ಕೆ ಹಚ್ಚುವ ನೇರಳೆ ಔಷಧಿ. ಊಟಕ್ಕೆ ಏಳುವಾಗ ಯಾವುದೋ ನಾಯಿಯ ಬಾಲ ಬಡಿದು ಆ ಬಾಟಲಿ ಉರುಳಿತು. ಮಧ್ಯಾಹ್ನ ಆಸ್ಪತ್ರೆಯ ಮೊಹರಿನ ಕೆಂಪು ಶಾಯಿ ಹಚ್ಚಿದೆ. ಬಾತುಕೊಂಡು ಬಂದ ಒಂದೊಂದು ನಾಯಿಯ ಹಣೆಯೂ ಕೆಂಪಗಿತ್ತು. ನಾನು ಒದ್ದೆ ಬಟ್ಟೆ ತೆಗೆದುಕೊಂಡು ಮೊದಲು ಹಣೆ ಒರೆಸುತ್ತಿದ್ದೆ. ಅಮ್ಮ, ಹುಣ್ಣು ಅಲ್ಲಿ ಅಲ್ಲ, ಇಲ್ಲಿ ಅಂತ ನೀನು ಒಮ್ಮೆ ರೇಗಿದ್ದು ನೆನಪಿದೆಯಾ? ನಾನು ಯಾಕೆ ಹಣೆ ಒರೆಸುತ್ತಿದ್ದೆ ಎಂದು ಈಗ ತಿಳಿಯಿತಲ್ಲ.

ಅಲ್ಲಿಗೂ ಹೇಳಬಹುದಿತ್ತು. ಇನ್ನು ನಾನು ಬರೆಯುವುದು ಅದಕ್ಕಿಂತ ಕಷ್ಟದ್ದು.

ಸೈಕಲ್ ರಿಪೇರಿಯವನ ಕಪ್ಪು ನಾಯಿ, ಪೆಡಲ್. ಶಿಬಿರವಾದ ಮೂರನೆಯ ದಿನ ಅವನು ಆಸ್ಪತ್ರೆಯ ಹಿಂಬಾಗಿಲಿಗೆ ಬಂದಿದ್ದ, ನೀನು ಒಳಗೆ ಬೆಕ್ಕಿನ ಕಾಲು ಕಟ್ಟುತ್ತಿದ್ದೆ. ಪೆಡಲ್‌ಗೆ ಬಾತಿದೆ, ನಡೆಯೋಕೆ ಕಾಲು ಅಗಲಿಸ್ತಾನೆ, ನೆಕ್ಕೀ ನೆಕ್ಕೀ ಕೆಂಪಾಗಿದೆ, ಕರ್ಕೊಂಡು ಬರ್ಲಾ ಅಂತ ಕೇಳಿದ. ಎರಡು ಮೂರು ದಿನ ಸ್ವಲ್ಪ ಬಾವು ಇರುತ್ತೆ ಅಂತ ಶಿಬಿರದಲ್ಲೇ ಎಲ್ಲರಿಗೂ ಹೇಳಿದ್ದೆವಲ್ಲ. ನಾನು ಗಾಜ್ ಬಟ್ಟೆ ಕತ್ತರಿಸುತ್ತಾ, ತಲೆ ಎತ್ತದೆ, ಅದು ಮಾಮೂಲು ಕಣಪ್ಪ, ತಣ್ಣೀರ ಬಟ್ಟೆ ಇಡು, ಹೋಗು ಅಂದೆ. ನಾಯಿಯನ್ನು ತರಿಸಿ ನೋಡಲಿಲ್ಲ. ನೋಡಿದ್ದರೆ ಮಾಮೂಲಲ್ಲ ಎಂದು ಮೂವತ್ತೊಂದು ವರ್ಷ ಗಾಯ ಕಟ್ಟಿದ ಡ್ರೆಸ್ಸರ್‌ಗೆ ತಿಳಿಯದೇ ಇರುತ್ತಿತ್ತಾ? ನಂಬಿಕೊಂಡು ಹೋದ. ಮತ್ತೆ ಬಂದದ್ದು ಒಂಬತ್ತನೆಯ ದಿನ, ನಾಯಿಯನ್ನು ಗೋಣಿಯಲ್ಲಿ ಎತ್ತಿಕೊಂಡು. ಚರ್ಮ ಕಪ್ಪಾಗಿ ಬಿರಿದು ಕೀವು ಸೋರುತ್ತಿತ್ತು, ಮೈ ಕಾದ ಹಂಚಾಗಿತ್ತು. ನೀನು ಎರಡು ದಿನ ಅದರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಉಳಿಯಲಿಲ್ಲ.

ಅವನು ನಿನ್ನ ಮೇಲೆ ಕೂಗಾಡಿದಾಗ ನಾನು ಬೀರುವಿನ ಹತ್ತಿರ ನಿಂತಿದ್ದೆ. ಮಾಮೂಲು ಅಂತ ಆಸ್ಪತ್ರೆಯವ್ರೇ ಹೇಳಿದ್ರಲ್ಲ, ಅದಕ್ಕೇ ನಾನು ಸುಮ್ನಿದ್ದೆ, ಇಲ್ದಿದ್ರೆ ಬಿಡ್ತಿದ್ನಾ ಅಂತ ಅತ್ತ. ಯಾರು ಹೇಳಿದ್ರು ಅಂತ ನೀನು ಕೇಳಿದೆ. ಅವನು ಹೇಳಲಿಲ್ಲ. ಶಿಬಿರದಲ್ಲಿ ನಾನೇ ಹೇಳಿದ್ದು, ತಪ್ಪು ನಂದೇ ಅಂತ ನೀನು ಅವನ ಮುಂದೆ ತಲೆ ತಗ್ಗಿಸಿದೆ. ನಾನು ಬೀರುವಿನ ಬಾಗಿಲು ಹಾಕಿದೆ. ಅಷ್ಟೇ ಮಾಡಿದ್ದು, ಬಾಗಿಲು ಹಾಕಿದ್ದು.

ಮರುವಾರ ನೀನು ಕೆಲಸ ಬಿಟ್ಟು ಆ ಲಸಿಕೆ ಗೋದಾಮಿಗೆ ಸೇರಿದೆ. ಡಬ್ಬಿ ಎಣಿಸೋ ಕೆಲಸ ಅಮ್ಮ, ಯಾರಿಗೂ ನೋವಾಗಲ್ಲ ಅಂದೆ. ಬಸ್ಸು ಹತ್ತುವಾಗ ನಾನು ನಿನಗೆ ಸ್ವೆಟರ್ ಕೊಟ್ಟೆ. ಸತ್ಯ ಕೊಡಬೇಕಿತ್ತು, ಸ್ವೆಟರ್ ಕೊಟ್ಟೆ.

ನಿನ್ನ ಕರಡು ಬರದಿದ್ದರೆ ಇನ್ನೂ ಎಷ್ಟು ದಿನ ಸುಮ್ಮನಿರುತ್ತಿದ್ದೆನೋ ನನಗೇ ಗೊತ್ತಿಲ್ಲ. ಹಳದಿಯ ಗಾಯ ದಿನಾ ಎರಡು ಹೊತ್ತು ತೊಳೆಯುತ್ತಿದ್ದೇನಲ್ಲ, ತೀರಿತು ಎಂದು ನನ್ನಷ್ಟಕ್ಕೆ ಸಮಾಧಾನ ಮಾಡಿಕೊಂಡಿದ್ದೆ. ನೋಂದಣಿ ಹಿಂತಿರುಗಿಸುತ್ತೇನೆ ಎನ್ನುವ ಸಾಲು ಓದಿ ಕನ್ನಡಕ ತೆಗೆದಿಟ್ಟೆ. ಕರುವಿನ ಬಾಯಿಗೆ ಕೈ ಹಾಕಿ ಅದರ ನಾಲಿಗೆ ಒರಟು ಅಂತ ನಗುತ್ತಿದ್ದಾಗ ನಿನಗೆ ಆರು ವರ್ಷ. ಅವತ್ತಿನಿಂದ ನಿನಗೆ ಬೇಕಾಗಿದ್ದು ಇದೊಂದೇ. ಅದನ್ನು ನನ್ನ ತಪ್ಪಿಗೆ ಒತ್ತೆಯಿಟ್ಟು ನಾನು ಇಲ್ಲಿ ಒಗ್ಗರಣೆ ಹಾಕಿಕೊಂಡು ಇರುವುದಕ್ಕೆ ಆಗುವುದಿಲ್ಲ.

ಸೋಮವಾರ ಬೆಳಿಗ್ಗೆ ನಿಮ್ಮಪ್ಪನಿಗೆ ಹೇಳಿದೆ. ಪೇಪರ್ ಮಡಿಸಿದ. ಬೈಯುತ್ತಾನೆ ಎಂದು ಕಾದೆ. ಮಗೂಗೆ ಹೇಳಿದ್ಯಾ ಅಂತ ಮಾತ್ರ ಕೇಳಿದ. ಇಲ್ಲ ಅಂದೆ. ಹಾಗಾದ್ರೆ ನಂಗ್ಯಾಕೆ ಮೊದ್ಲು ಹೇಳ್ದೆ ಅಂದು ಹಳದಿಯನ್ನು ಕರೆದುಕೊಂಡು ಹೊರಗೆ ಹೋದ.

ಅದೇ ದಿನ ಸೈಕಲ್ ಅಂಗಡಿಗೆ ಹೋದೆ. ಅವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದ. ಪೆಡಲ್‌ನ ಚೈನು ಇನ್ನೂ ಗೋಡೆಯ ಮೊಳೆಗೇ ಇದೆ. ಸೂಜಿಯದ್ದು ಹೇಳಿದೆ, ಆಮೇಲೆ ಹಿಂಬಾಗಿಲಲ್ಲಿ ಮಾಮೂಲು ಅಂದವಳು ನಾನೇ ಅಂದೆ. ಅದು ನಂಗೆ ಗೊತ್ತಿಲ್ವಾ, ನಿಮ್ಮನ್ನೇ ತಾನೇ ನಾನು ಕೇಳಿದ್ದು ಅಂದ. ಹೌದಲ್ಲ! ಮತ್ತೆ ಅವತ್ತು ಡಾಕ್ಟರ್ ಮುಂದೆ ಯಾಕಪ್ಪ ಹೇಳಲಿಲ್ಲ ಅಂದೆ. ಪಕ್ಕದಲ್ಲೇ ನಿಂತಿದ್ರಲ್ಲ ಕಂಪೌಂಡರಮ್ಮ, ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ ಅಂದ. ಟ್ಯೂಬಿನಿಂದ ಗುಳ್ಳೆ ಬರುತ್ತಿತ್ತು, ಅವನು ಅದನ್ನೇ ನೋಡುತ್ತಿದ್ದ. ಕ್ಷಮಿಸಿದೆ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ. ಡಾಕ್ಟರ್ ಹುಡುಗೀನ ಬೈದಿದ್ದು ತಪ್ಪಾಯ್ತು, ಅವ್ರಿಗೆ ತಿಳಿಸಿ ಅಂದ. ತಿಳಿಸಿದ್ದೇನೆ.

ನಿನ್ನೆ ಮಂಡಳಿಯ ಕಚೇರಿಗೆ ಹೋಗಿ ನನ್ನ ಹೇಳಿಕೆಯನ್ನು ಬರೆದು ಕೊಟ್ಟೆ. ಗುಮಾಸ್ತೆ ಮೊಹರು ಒತ್ತಿ ಪ್ರತಿ ಕೊಟ್ಟಿದ್ದಾಳೆ, ಇದರ ಜೊತೆಗಿದೆ. ಕೊಟ್ಟು ಆಯಿತು, ಇನ್ನು ನೀನು ಅಡ್ಡಗಾಲು ಹಾಕುವ ಹಾಗಿಲ್ಲ. ಅಮ್ಮನನ್ನು ಉಳಿಸಬೇಕು ಎಂದು ನಿನ್ನ ತಲೆಯಲ್ಲಿ ಏನೇನೋ ಓಡುತ್ತದೆ ಎಂದು ಗೊತ್ತು. ನಿವೃತ್ತಿಯಾದ ಮೇಲೂ ಆಸ್ಪತ್ರೆಯಲ್ಲಿ ಕೆಲಸ ಕೊಟ್ಟಿದ್ದರು, ಅದು ಹೋಗುತ್ತದೆ, ಹೋಗಲಿ. ಕಂಪೌಂಡರಮ್ಮನ ಕೈ ಎಂದರೆ ಕೈ ಎನ್ನುತ್ತಿದ್ದರಲ್ಲ ಜನ, ಅದೂ ಹೋಗುತ್ತದೆ. ಅದು ಹೋಗುವುದಕ್ಕೆ ಮಾತ್ರ ನನಗೆ ನೋವಿದೆ, ಸುಳ್ಳು ಹೇಳುವುದಿಲ್ಲ.

ಮುಂದಿನ ಸೋಮವಾರ ವಿಚಾರಣೆಗೆ ಬಾ. ಕರಡಿನ ಎರಡನೆಯ ಮತ್ತು ಮೂರನೆಯ ಪುಟ ಹರಿದು ಹಾಕು. ಈ ಔಷಧಿಯಿಂದ ಎಷ್ಟೇ ಎಚ್ಚರ ವಹಿಸಿದರೂ ಎಲ್ಲೋ ಒಂದೆರಡು ನಾಯಿಗೆ ಹೀಗಾಗಬಹುದು ಎಂದು ನೀನೇ ಶಿಬಿರಕ್ಕೆ ಮುಂಚೆ ಎಲ್ಲರಿಗೂ ಹೇಳಿದ್ದೆ, ಅದನ್ನು ಬರೆ. ನೇರಳೆ ಬೊಟ್ಟಿನ ಇಪ್ಪತ್ತು ನಾಯಿಗಳಿಗೂ ಏನೂ ಆಗಿಲ್ಲ ಎಂದು ಬರೆ. ನಾನು ಓಣಿ ಓಣಿ ತಿರುಗಿ ಇಪ್ಪತ್ತನ್ನೂ ನೋಡಿ ಬಂದಿದ್ದೇನೆ, ಪಟ್ಟಿ ಹಿಂದಿನ ಪುಟದಲ್ಲಿದೆ. ಅವು ನಿನ್ನ ಕೈಯವು. ನನ್ನ ಜೊತೆ ಮಾತಾಡಬೇಕು ಎನಿಸದಿದ್ದರೆ ಮಾತಾಡಬೇಡ, ನಾನು ಪಕ್ಕದ ಬೆಂಚಿನಲ್ಲಿ ಕೂರುತ್ತೇನೆ. ಆದರೆ ಬಾ. ಗೋದಾಮು ಚಳಿ ಎನ್ನುತ್ತಿದ್ದೆ, ಸ್ವೆಟರ್ ಹಾಕಿಕೋ.

ನಿನ್ನ
ಅಮ್ಮ

ಮ.ವಿ.: ಮಧ್ಯಾಹ್ನ ಮೂರು ಗಂಟೆ. ಲಕೋಟೆ ಅಂಟಿಸಿ, ಅಂಚೆಯ ಡಬ್ಬಿಯವರೆಗೂ ಹೋಗಿ, ವಾಪಸು ಬಂದು ಒಡೆದಿದ್ದೇನೆ. ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ. ಕಚೇರಿಗೆ ಕೊಟ್ಟ ಹೇಳಿಕೆಯಲ್ಲೂ ಅದೇ ಸುಳ್ಳಿದೆ, ನಾಳೆ ಹೋಗಿ ತಿದ್ದಿಸುತ್ತೇನೆ. ಸೂಜಿ ಮುಗಿದಿರಲಿಲ್ಲ. ಊಟಕ್ಕೆ ಮುಂಚೆ ಒಂದು ನಾಯಿಗೆ ನಾನು ಸೂಜಿ ಬದಲಾಯಿಸಲು ಮರೆತದ್ದನ್ನು ನೀನು ನೋಡಿದೆ. ಅಮ್ಮ, ಎಷ್ಟು ಸಲ ಹೇಳ್ಬೇಕು, ಎರಡು ಸೂಜಿ ಅಂತ ಎಲ್ಲರ ಮುಂದೆ ಅಂದೆ. ಸಾಲಿನಲ್ಲಿದ್ದವರು ನಕ್ಕರು, ಮೇಷ್ಟ್ರೂ ನಕ್ಕರು, ನಾನೂ ನಕ್ಕೆ. ನೀನು ಆ ಸಿರಿಂಜನ್ನು ಎಸೆದು ಹೊಸದು ತುಂಬಿಸಿದೆ, ಆ ನಾಯಿ ಚೆನ್ನಾಗಿದೆ. ಆದರೆ ನನ್ನ ಮೈಯೆಲ್ಲ ಉರಿಯಿತು. ಮೂವತ್ತೊಂದು ವರ್ಷ ಮಾಡಿದವಳಿಗೆ ನಿನ್ನೆ ಮೊನ್ನೆ ಕಲಿತವಳು ಹೇಳಿಕೊಡುತ್ತಾಳೆ, ಒಂದೇ ಸೂಜಿಯಲ್ಲಿ ಮಾಡಿ ತೋರಿಸುತ್ತೇನೆ ಎಂದುಕೊಂಡೆ. ಸಂಜೆ ಎಲ್ಲ ಮುಗಿದ ಮೇಲೆ ನಿನಗೆ ಹೇಳಿ ನಗಬೇಕೆಂದಿದ್ದೆ. ಇನ್ನೂರು ಸೂಜಿಗಳ ಇನ್ನೊಂದು ಹೊಸ ಡಬ್ಬಿ ಅವತ್ತು ಮಧ್ಯಾಹ್ನವೆಲ್ಲ ನನ್ನ ಕುರ್ಚಿಯ ಕೆಳಗೇ ಇತ್ತು, ಅದರ ಮೇಲೆ ಕಾಲಿಟ್ಟುಕೊಂಡು ಕೂತಿದ್ದೆ. ಈಗ ಅದು ನನ್ನ ಮುಂದೆ, ಈ ಮೇಜಿನ ಮೇಲಿದೆ. ಸೋಮವಾರ ನಾನೇ ಎತ್ತಿಕೊಂಡು ಬರುತ್ತೇನೆ. ಸೀಲು ಇನ್ನೂ ಒಡೆದಿಲ್ಲ.